ಪರದೆಯ ಕೆಳಗೆ ಜಾರಿದ ಬಟನ್

ಬೆಟಗೇರಿಯ ಆ ಓಣಿಗೆ ನಳದ ನೀರು ಬರುವುದು ಬೀಗರು ಬಂದ ಹಾಗೆ. ಇಂಥ ದಿನ ಬರುತ್ತೇನೆಂದು ಹೇಳುವುದಿಲ್ಲ. ಬಂದ ಮೇಲೆ ಕೈಯಲ್ಲಿದ್ದದ್ದನ್ನೆಲ್ಲ ಬಿಟ್ಟು ಅದರ ಮುಂದೆಯೇ ನಿಲ್ಲಬೇಕು. ಮೇ ತಿಂಗಳ ಆ ಮುಂಜಾನೆ ಕಾಂಚನಾ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ಗೋಡೆಯಾಚೆಯಿಂದ ನೆರೆಮನೆಯ ಬೀರವ್ವನ ದನಿ ಬಂತು.

"ಕಾಂಚನಾ, ನಳಾ ಬಂತು ನೋಡವಾ. ಸಣ್ಣಗ ಐತಿ, ಜಲ್ದಿ ಹಿಡಿ."

ಹಿಟ್ಟಿನ ಕೈ ಹಾಗೇ ಇಟ್ಟುಕೊಂಡು ಅವಳು ಅಂಗಳಕ್ಕೆ ಓಡಿದಳು. ಪೈಪಿನ ತುದಿಯನ್ನು ಡ್ರಮ್ಮಿಗೆ ಇಳಿಬಿಟ್ಟಳು. ತಂಗಿಯ ಮಗಳು ವಾಣಿ, ಏಳು ವರ್ಷದ ಕೂಸು, ಎದ್ದ ಕೂದಲಲ್ಲೇ ಬಂದು ಡ್ರಮ್ಮಿನ ಪಕ್ಕ ನಿಂತಿತು. ನೀರು ಅಂಚಿಗೆ ಬಂದಾಗ ಹೇಳುವುದು ಅವಳ ಕೆಲಸ. ಬೇರೆ ಮಕ್ಕಳಾದರೆ "ತುಂಬ್ತು, ತುಂಬ್ತು" ಎಂದು ಓಣಿಯೆಲ್ಲ ಕೇಳುವಂತೆ ಕೂಗುತ್ತಿದ್ದವು. ವಾಣಿ ಕೂಗುವುದಿಲ್ಲ. ಕೈ ಎತ್ತುತ್ತಾಳೆ, ಅಷ್ಟೇ. ಈ ಮನೆಗೆ ಬಂದಾಗಿನಿಂದ ಹಾಗೆಯೇ.

ಒಂದು ಡ್ರಮ್ ತುಂಬಿ ಎರಡನೆಯದಕ್ಕೆ ಪೈಪು ಹಾಕುವಷ್ಟರಲ್ಲಿ ಒಳಗೆ ಫೋನು ಸದ್ದು ಮಾಡಿತು. ಕೋಟ್ರಪ್ಪ ಟಿಫಿನ್ ಡಬ್ಬಿ ಮರೆತು ಪ್ರೆಸ್ಸಿಗೆ ಹೋಗಿರಬೇಕು ಎಂದುಕೊಂಡು ಕಾಂಚನಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೋಗಿ ನೋಡಿದಳು. ಗಂಡನದಲ್ಲ. ಲಕ್ಷ್ಮೇಶ್ವರದಿಂದ, ಅಲ್ಲಿ ಹೊಲಿಗೆ ಕೇಂದ್ರ ನಡೆಸುವ ಮೆಹಬೂಬಿ ಒಂದು ಫೋಟೋ ಕಳಿಸಿದ್ದಳು. ಕೆಳಗೆ ಮಾತಿನಲ್ಲಿ ಒಂದು ಸಂದೇಶ.

"ಕಾಂಚನಾ, ನೀ ಹಾಕಿಕೊಟ್ಟ ಲ್ಯಾಪ್‌ಟಾಪಿನ್ಯಾಗ ಹಿಂಗ್ ಬರಾಕತ್ತೈತಿ ನೋಡು. ಕೆಳಗಿಂದು ಕಾಣಾಕವಲ್ದು. ನಿನ್ನೆ ಸಂಜಿಮುಂದ ಮಂಜುಳಾ ಕಾಣಿಸಿದ್ದನ್ನ ಒತ್ಯಾಳ. ಏನೂ ಆಗಂಗಿಲ್ಲಲ್ಲ?"

ಫೋಟೋದಲ್ಲಿದ್ದದ್ದು ಹೊಲಿಗೆ ಕೇಂದ್ರದ ಹಳೆಯ ಲ್ಯಾಪ್‌ಟಾಪಿನ ಪರದೆ. ನಡುವೆ ಒಂದು ದೊಡ್ಡ ಪೆಟ್ಟಿಗೆ, ಅದರಲ್ಲಿ ದಪ್ಪ ಕನ್ನಡ ಅಕ್ಷರ. ಈ ಪುಟವು ನೀವು ಇರುವ ಸ್ಥಳವನ್ನು ತಿಳಿಯಲು ಬಯಸುತ್ತಿದೆ. ಅದರ ಕೆಳಗೆ ಒಂದೇ ಬಟನ್: ಅನುಮತಿಸಿ. ಇನ್ನೊಂದು ಇರಬೇಕಿತ್ತು. 'ತಡೆಯಿರಿ' ಎಂಬುದು. ಅದು ಇರಲಿಲ್ಲ. ಪರದೆಯ ಅಂಚು ಅಲ್ಲಿಗೇ ಮುಗಿದಿತ್ತು.

ಆದರೆ ಕಾಂಚನಾಳ ಎದೆ ನಿಂತದ್ದು ಬಟನ್ ನೋಡಿ ಅಲ್ಲ. ಪೆಟ್ಟಿಗೆಯ ಹಿಂದೆ, ಅರ್ಧ ಮುಚ್ಚಿಹೋದ ಪುಟದಲ್ಲಿ, ಒಂದು ಕುಬಸದ ಚಿತ್ರ ಇತ್ತು. ಕೆಂಪು ಖಣದ ಕುಬಸ, ತೋಳಿನ ಸುತ್ತ ಹಳದಿ ದಾರದಲ್ಲಿ ಜೋಳದ ತೆನೆಗಳ ಸಾಲು. ಅದನ್ನು ತಂಗಿ ಮಂಜುಳಾ ಅವ್ವನಿಗಾಗಿ ಹೊಲಿದಿದ್ದಳು. ಅಂಥದು ಒಂದೇ. ಅವ್ವ ತೀರಿದ ಮೇಲೆ ಅದು ಮುಂಡರಗಿಯಲ್ಲಿ, ಮಂಜುಳಾಳ ಗಂಡ ವೀರೇಶನ ಮನೆಯ ಟ್ರಂಕಿನಲ್ಲಿ ಉಳಿದುಹೋಗಿತ್ತು.

ಆ ಟ್ರಂಕಿನ ಕೀಲಿ ವೀರೇಶನ ಹತ್ತಿರ ಇದೆ.

ಅಂಗಳದಲ್ಲಿ ನೀರು ತುಂಬಿ ಹರಿಯುವ ಸದ್ದು ಕೇಳಿತು. ಕಾಂಚನಾ ತಿರುಗಿ ನೋಡಿದಳು. ವಾಣಿ ಕೈ ಎತ್ತಿಕೊಂಡೇ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಅವಳ ಕಣ್ಣು ಮಾತ್ರ ನೀರಿನ ಮೇಲಿರಲಿಲ್ಲ, ದೊಡ್ಡವ್ವನ ಕೈಯಲ್ಲಿದ್ದ ಫೋನಿನ ಮೇಲಿತ್ತು.

*

ಕಾಂಚನಾ ಮೊದಲು ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಟಿಪಿ ಮಾಡುತ್ತಿದ್ದಳು. ಪಂಚಾಂಗ, ಲಗ್ನಪತ್ರಿಕೆ, ಜಾತಕದ ಪುಸ್ತಕ, ಏನು ಬಂದರೂ ಅಕ್ಷರ ಜೋಡಿಸುವುದು. ಕೋಟ್ರಪ್ಪ ಅದೇ ಪ್ರೆಸ್ಸಿನ ಮಷೀನಿನ ಮೇಲೆ ಇದ್ದ, ಮದುವೆಯಾಯಿತು. ಬೆನ್ನು ನೋವು ಶುರುವಾದ ಮೇಲೆ ಅವಳು ಮನೆಯಿಂದಲೇ ಕೆಲಸ ಮಾಡತೊಡಗಿದಳು. ಆಗ ಹತ್ತಿದ್ದು ಬ್ರೌಸರಿನ ಹುಚ್ಚು. ಇಂಟರ್ನೆಟ್ ನೋಡಲು ಬಳಸುವ ಒಂದು ಬ್ರೌಸರು. ಯಾರು ಬೇಕಾದರೂ ಒಳಗೆ ಹೇಗಿದೆ ಎಂದು ನೋಡಬಹುದು, ಕೆಟ್ಟದ್ದನ್ನು ಸರಿಮಾಡಿ ಕಳಿಸಬಹುದು, ಅಂಥದು. ಅದರ ಕನ್ನಡ ಬಲು ಕೆಟ್ಟಿತ್ತು. ಒಂದು ಪದದ ಮೇಲೆ ಇನ್ನೊಂದು ಏರಿ ಕೂರುತ್ತಿತ್ತು, ಉದ್ದದ ವಾಕ್ಯ ಪೆಟ್ಟಿಗೆಯ ಹೊರಗೆ ಚಾಚಿಕೊಳ್ಳುತ್ತಿತ್ತು. ಪ್ರೆಸ್ಸಿನ ಕಣ್ಣಿಗೆ ಅದು ಕಲ್ಲು ಸಿಕ್ಕ ಅನ್ನದ ಹಾಗೆ. ಇದು ಸರಿಯಿಲ್ಲ ಎಂದು ಒಂದು ದಿನ ಅವರಿಗೆ ಬರೆದಳು. ನೀನೇ ಯಾಕೆ ಸರಿಮಾಡಬಾರದು ಎಂದು ಉತ್ತರ ಬಂತು. ಸಾರು ಕುದಿಯುವ ನಡುವೆ, ಬಟ್ಟೆ ಒಣಗುವ ನಡುವೆ ಕಲಿತಳು. ಈಗ ಬ್ರೌಸರನ್ನು ಕನ್ನಡದಲ್ಲಿ ತೋರಿಸುವ ಪ್ಯಾಕೇಜಿನಲ್ಲಿ ಏನು ಕೆಟ್ಟರೂ ಅವಳನ್ನೇ ಕೇಳುತ್ತಿದ್ದರು.

"ಪಗಾರಿಲ್ಲದ ನೌಕರಿ, ರಜಾನೂ ಇಲ್ಲ," ಎಂದು ಕೋಟ್ರಪ್ಪ ಕಾಡುತ್ತಿದ್ದ. "ರಿಟೈರ್ ಆದಾಗ ಒಂದ ಶಾಲು ಹೊದಿಸ್ತಾರ ಏನ ಕೇಳು."

ಹೋದ ತಿಂಗಳು ಅವಳು ಸರಿಮಾಡಿದ್ದು ಇದೇ ಪೆಟ್ಟಿಗೆಯನ್ನು. ಪುಟವೊಂದು ನೀವು ಎಲ್ಲಿದ್ದೀರಿ ಎಂದು ಕೇಳಿದಾಗ ಬರುವ ಪೆಟ್ಟಿಗೆ. ಕನ್ನಡದಲ್ಲಿ ಅದರ ಎರಡು ಬಟನ್ನುಗಳ ಅಕ್ಷರ ಒಂದರ ಮೇಲೊಂದು ಬಿದ್ದು ಯಾವುದೂ ಓದಲು ಬರುತ್ತಿರಲಿಲ್ಲ. ಕಾಂಚನಾ ಪೆಟ್ಟಿಗೆಗೆ ಒಂದು ಅಳತೆ ಕೊಟ್ಟಳು, ಬಟನ್ನುಗಳನ್ನು ಮೇಲೆ ಕೆಳಗೆ ಜೋಡಿಸಿದಳು. ಚೆಂದ ಕೂತಿತು. ಕೋಟ್ರಪ್ಪನನ್ನು ಕರೆದು ತೋರಿಸಿದ್ದಳು ಕೂಡ.

ಈಗ ಅವಳು ಲ್ಯಾಪ್‌ಟಾಪ್ ತೆರೆದು, ಅದೇ ಪೆಟ್ಟಿಗೆಯನ್ನು ಬರಿಸಿ, ಅಕ್ಷರಗಳನ್ನು ದೊಡ್ಡದು ಮಾಡಿದಳು. ಮೆಹಬೂಬಿಯ ಕಣ್ಣು ಮಂಜು, ಅದಕ್ಕೇ ಆ ಕೇಂದ್ರದ ಲ್ಯಾಪ್‌ಟಾಪಿನಲ್ಲಿ ಅಕ್ಷರ ದೊಡ್ಡದಾಗಿ ಕಾಣುವಂತೆ ಕಾಂಚನಾಳೇ ಹೊಂದಿಸಿಕೊಟ್ಟಿದ್ದಳು. ಅಕ್ಷರ ಬೆಳೆದಂತೆ ವಾಕ್ಯ ಕೆಳಗಿಳಿಯಿತು. ಮೊದಲ ಬಟನ್ ಇಳಿಯಿತು. ಎರಡನೆಯದು ಅಂಚಿನ ಹತ್ತಿರ ಬಂದು, ಅರ್ಧವಾಗಿ, ಆಮೇಲೆ ಇಲ್ಲವಾಯಿತು. ಸರಿಸಿ ನೋಡಲೂ ಬರಲಿಲ್ಲ. ಅವಳು ಕೊಟ್ಟ ಅಳತೆ ಅಲುಗುತ್ತಿರಲಿಲ್ಲ.

ಅವಳು ಕೆಲಸ ಕಲಿತದ್ದು ಕಾಗದದ ಮೇಲೆ. ಕಾಗದದ ಪುಟ ಒಮ್ಮೆ ಕಟ್ಟಿದರೆ ಮುಗಿಯಿತು, ಗದಗಿನಲ್ಲಿ ಓದಿದರೂ ಬೆಳ್ಳಟ್ಟಿಯಲ್ಲಿ ಓದಿದರೂ ಅಷ್ಟೇ ಉದ್ದ, ಅಷ್ಟೇ ಅಗಲ. ಓದುವವರ ಕಣ್ಣಿಗೆ ತಕ್ಕಂತೆ ಅದು ಹಿಗ್ಗುವುದಿಲ್ಲ. ಪ್ರೂಫ್ ನೋಡುವ ಹಾಗೆ ಒಂದು ಹಾಳೆಯನ್ನು ನೋಡಿ, ಸರಿಯಿದೆ ಎಂದು ಕಳಿಸಿಬಿಟ್ಟಿದ್ದಳು.

ಮೆಹಬೂಬಿಗೆ ಫೋನು ಹಚ್ಚಿದಳು. ಸ್ವಿಚ್ ಆಫ್. ಮತ್ತೆ ಹಚ್ಚಿದಳು. ಮಂಜುಳಾಳ ಬಳಿ ಫೋನೇ ಇಲ್ಲ, ಇಟ್ಟುಕೊಳ್ಳುವುದನ್ನು ಬಿಟ್ಟಿದ್ದಳು. ವೀರೇಶ ಮುಂಡರಗಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ಹೆಂಡತಿಯ ಫೋನಿನಲ್ಲಿ ಏನೋ ಹಾಕಿಟ್ಟು, ಅವಳು ಸಂತೆಗೆ ಹೋದದ್ದು, ನೆರೆಮನೆಗೆ ಹೋದದ್ದು, ಎಲ್ಲವನ್ನೂ ಅಂಗಡಿಯಲ್ಲಿ ಕುಳಿತೇ ನೋಡುತ್ತಿದ್ದ. ಸಂಜೆ ಬಂದು ಕೇಳುತ್ತಿದ್ದ. ಉತ್ತರ ಯಾವುದಾದರೂ ಹೊಡೆತ ತಪ್ಪುತ್ತಿರಲಿಲ್ಲ. ಅವಳು ಅವನನ್ನು ಬಿಟ್ಟು ಬಂದ ಮೇಲೆ ಒಮ್ಮೆ ಈ ಬೆಟಗೇರಿಯ ಮನೆಯ ಮುಂದೆ ನಿಂತು ಓಣಿಯೆಲ್ಲ ನೆರೆಯುವಂತೆ ಕೂಗಿದ್ದ. "ಕೂಸು ನೀವ ಇಟಗೋರಿ, ನನಗ ಬ್ಯಾಡ. ಆಕಿ ಎಲ್ಲದಾಳ, ಅದನ್ನಷ್ಟ ಹೇಳ್ರಿ." ಕೋಟ್ರಪ್ಪ ಬಾಗಿಲಿಗೆ ಅಡ್ಡ ನಿಂತಿದ್ದ. ಆ ಬಾಗಿಲಿನ ಹಿಂದೆ ವಾಣಿ ನಿಂತಿದ್ದಳು ಎಂದು ಕಾಂಚನಾಳಿಗೆ ಆಮೇಲೆ ಗೊತ್ತಾಯಿತು.

ಅಂದಿನಿಂದ ಅಕ್ಕ ತಂಗಿ ಭೇಟಿಯಾಗಿರಲಿಲ್ಲ. ಹಿಂದೆ ಯಾರಾದರೂ ಬಂದರೆ ಎಂಬ ಹೆದರಿಕೆ. ಇಷ್ಟೆಲ್ಲ ಮಾಡಿ ಮುಚ್ಚಿಟ್ಟಿದ್ದ ಲಕ್ಷ್ಮೇಶ್ವರದ ಆಸರೆ ನಿನ್ನೆ ಸಂಜೆ ಒಂದು ಬಟನ್ನಿನಿಂದ ಬಿಚ್ಚಿಹೋಯಿತು. ಕುಬಸದ ಚಿತ್ರದ ಆಸೆ ತೋರಿಸಿ ಅವನು ಈ ಪುಟವನ್ನು ಜಿಲ್ಲೆಯ ಹೊಲಿಗೆ ಕೇಂದ್ರಗಳಿಗೆಲ್ಲ ಕಳಿಸಿರಬೇಕು. ಎಷ್ಟು ಹೊತ್ತು ನೋಡಿದರು, ಒತ್ತಿದವರು ಯಾವ ಊರಲ್ಲಿದ್ದಾರೆ ಎಂಬುದೆಲ್ಲ ಅವನಿಗೆ ಕಾಣುತ್ತದೆ. ಅಡರಕಟ್ಟಿಯವರೋ ಹರ್ತಿಯವರೋ ಒತ್ತಿದರೆ ಅವನಿಗೆ ಲಾಭವಿಲ್ಲ. ಆದರೆ ಆ ತೆನೆಗಳನ್ನು ನೋಡಿ ಹೌಹಾರಿ, ತೆರೆದು, ಬಹಳ ಹೊತ್ತು ನೋಡುತ್ತ ಕೂರುವವಳು ಒಬ್ಬಳೇ.

ಕೋಟ್ರಪ್ಪನಿಗೆ ಫೋನು ಮಾಡಿದಳು. ಮಷೀನಿನ ಸದ್ದಿನಲ್ಲಿ ಅವನಿಗೆ ಎರಡು ಸಲ ಹೇಳಬೇಕಾಯಿತು. ಕೇಳಿದ ಮೇಲೆ ಅವನು ಕಾಡಲಿಲ್ಲ.

"ನೀ ಮೊದಲನೇ ಬಸ್ಸಿಗೆ ಹೋಗು. ನಾ ಹೇಳಿ ರಜಾ ತಗೊಂಡು ಹಿಂದಿಂದ ಬರ್ತೀನಿ. ಕಾಂಚನಾ, ಹೋಗೂಮುಂದ ಹಿಂದ ಮುಂದ ನೋಡ್ಕೊಂತ ಹೋಗು."

ಹೊರಡುವ ಮುಂಚೆ ಅವಳು ಬ್ರೌಸರಿನ ಕೆಲಸಕ್ಕೆ ಕುಳಿತಳು. ಕುಳಿತದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು. ಆದರೆ ಇದೇ ಪೆಟ್ಟಿಗೆಯ ಮುಂದೆ, ಇದೇ ದೊಡ್ಡ ಅಕ್ಷರದ ಮುಂದೆ ಇನ್ನಾರೋ ಕುಳಿತಿರಬಹುದಲ್ಲ. ತಾನು ಕೊಟ್ಟ ಅಳತೆಯನ್ನು ತೆಗೆದಳು. ಬರಹ ಎಷ್ಟೇ ಉದ್ದವಾದರೂ ಅದು ಮೇಲೆ ಸರಿಯಲಿ, ಬಟನ್ನುಗಳೆರಡೂ ಕಣ್ಣ ಮುಂದೆಯೇ ನಿಲ್ಲಲಿ ಎಂದು ಬರೆದಳು. ಎರಡರಲ್ಲಿ 'ತಡೆಯಿರಿ'ಯನ್ನು ಮೊದಲು ಇಟ್ಟಳು. ಅಕ್ಷರ ದೊಡ್ಡದು ಮಾಡಿ, ಇನ್ನೂ ದೊಡ್ಡದು ಮಾಡಿ ನೋಡಿದಳು. ನಿಂತಿತು. ತುರ್ತು ಎಂದು ಗುರುತು ಹಾಕಿ ಕಳಿಸಿದಳು. ಬೆರಳಿನ ಹಿಟ್ಟು ಒಣಗಿ ಕೀಲಿಗಳ ಮೇಲೆ ಉದುರಿತ್ತು.

ವಾಣಿಯನ್ನು ಬೀರವ್ವನ ಮನೆಯಲ್ಲಿ ಬಿಡಬೇಕೆಂದಿದ್ದಳು. ಹೊಸ್ತಿಲಿಗೆ ಬಂದರೆ ಕೂಸು ಆಗಲೇ ಚಪ್ಪಲಿ ಮೆಟ್ಟಿ ನಿಂತಿತ್ತು. ತಲೆ ತಾನೇ ಬಾಚಿಕೊಂಡಿದ್ದಳು, ಬೈತಲೆ ಡೊಂಕು.

"ದೊಡ್ಡವ್ವಾ."

"ಏನವಾ?"

ವಾಣಿಯ ಬಾಯಿ ತೆರೆಯಿತು. ಏನೋ ಬಂದು ಗಂಟಲಲ್ಲಿ ನಿಂತಿತು. "ಏನಿಲ್ಲ," ಎಂದಳು.

ಕಾಂಚನಾ ಕುಳಿತು, ಅವಳ ಬೈತಲೆಯನ್ನು ಬೆರಳಿನಿಂದ ನೇರ ಮಾಡಿದಳು. "ಬಾ. ಅವ್ವನ್ನ ನೋಡಿ ಬರೂಣು."

*

ಬಸ್ಸಿನಲ್ಲಿ ಕಿಟಕಿಯ ಪಕ್ಕ ವಾಣಿಯನ್ನು ಕೂರಿಸಿ, ಆಮೇಲೆ ಬೇಡವೆನಿಸಿ ತಾನು ಕಿಟಕಿಗೆ ಸರಿದು ಅವಳನ್ನು ಒಳಗೆ ಎಳೆದುಕೊಂಡಳು. ಹತ್ತಿದವರನ್ನೆಲ್ಲ ನೋಡಿದಳು. ಸಂತೆಯ ಚೀಲದ ಮುದುಕರು, ಕಾಲೇಜಿನ ಹುಡುಗಿಯರು, ಟವೆಲ್ಲಿನಿಂದ ಮುಖ ಒರೆಸಿಕೊಳ್ಳುವ ಗಂಡಸರು. ಯಾರ ಮುಖವೂ ವೀರೇಶನದಲ್ಲ. ಆದರೆ ಮುಖ ಒರೆಸಿಕೊಳ್ಳುತ್ತಿದ್ದವನು ಟವೆಲ್ ತೆಗೆಯುವ ತನಕ ಅವಳು ಉಸಿರು ಬಿಡಲಿಲ್ಲ.

ಪಕ್ಕದಲ್ಲಿ ಒಬ್ಬ ಮುದುಕಿ ಕುಳಿತಿದ್ದಳು, ಎಲೆ ಅಡಿಕೆ ಹಾಕಿಕೊಂಡು. "ಎಲ್ಲಿಗೆವಾ?"

ಕಾಂಚನಾ ಬೇರೆ ಊರು ಹೇಳಿದಳು. "ಶಿರಹಟ್ಟಿಗ್ರಿ."

"ಈ ಬಸ್ಸು ಲಕ್ಷ್ಮೇಶ್ವರಕ್ಕ ಹೋಗ್ತೈತಲ್ಲ."

"ಅಲ್ಲಿಂದ ಹೋಗೂದ್ರಿ."

"ಮಗಳೇನು? ಚೆಂದದಾಳ. ಮಾತ ಬರಂಗಿಲ್ಲೇನು ಇಕಿಗೆ, ಹತ್ತಿದಾಗಿಂದ ಬಾಯಿ ಬಿಟ್ಟಿಲ್ಲ?"

"ಬರ್ತೈತ್ರಿ. ಜೋಪಾನ ಮಾಡಿ ಇಟಗೊಂಡಾಳ."

"ಇಟಗೊಳ್ಳಲಿ ಬಿಡು. ನನ್ನ ಸೊಸಿನೂ ಮೊದಲ ಹಿಂಗ ಇದ್ಲು," ಎಂದು ಮುದುಕಿ ನಕ್ಕಳು. "ಈಗ ನೋಡಬೇಕು ನೀ."

ಮುಳಗುಂದ ದಾಟಿದ ಮೇಲೆ ಹಿಂದಿನಿಂದ ಒಂದು ಮೋಟರ್ ಸೈಕಲ್ ಬಸ್ಸಿನ ಪಕ್ಕಕ್ಕೆ ಬಂತು. ಕಪ್ಪು ಹೆಲ್ಮೆಟ್ಟು, ಗಾಳಿಗೆ ಉಬ್ಬಿದ ಅಂಗಿ. ಅದು ಬಸ್ಸಿನ ಜೊತೆಗೇ ಸ್ವಲ್ಪ ದೂರ ಓಡಿತು. ಕಾಂಚನಾ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ಆಗ ತೊಡೆಯ ಮೇಲೆ ಏನೋ ಭಾರ ಬಿದ್ದಂತಾಗಿ ನೋಡಿದರೆ ವಾಣಿ ಬಗ್ಗಿ, ಕಿಟಕಿಯ ಮಟ್ಟಕ್ಕಿಂತ ಕೆಳಗೆ ತಲೆ ಇಟ್ಟು ಮಲಗಿದ್ದಳು. ಯಾರೂ ಹೇಳಿರಲಿಲ್ಲ. ಮೋಟರ್ ಸೈಕಲ್ ಮುಂದೆ ಹೋಯಿತು, ಅದರ ಹಿಂದೆ ಕಟ್ಟಿದ್ದ ಹಾಲಿನ ಕ್ಯಾನು ಬಿಸಿಲಿಗೆ ಮಿಂಚಿತು. ಕೂಸು ಮಾತ್ರ ಬಹಳ ಹೊತ್ತು ಏಳಲಿಲ್ಲ.

ಇಷ್ಟು ದಿನ ಅವಳಿಗೆ ಹೇಳಿದ್ದು ಬೇರೆ. ಅವ್ವ ಹೊಲಿಗೆ ಕಲಿಯಲು ಹೋಗಿದ್ದಾಳೆ, ಅಪ್ಪನಿಗೆ ಅಂಗಡಿಯ ಕೆಲಸ ಬಹಳ. ಕೂಸು ಎಂದೂ ಅಡ್ಡ ಪ್ರಶ್ನೆ ಹಾಕಿರಲಿಲ್ಲ. ನಂಬಿದ್ದಾಳೆ ಎಂದು ಕಾಂಚನಾ ಸಮಾಧಾನಪಟ್ಟಿದ್ದಳು. ಈಗ ಆ ಪುಟ್ಟ ಬೆನ್ನಿನ ಮೇಲೆ ಕೈ ಇಟ್ಟರೆ ಒಳಗೆ ಎದೆ ಗುಬ್ಬಿಯದಂತೆ ಬಡಿಯುತ್ತಿತ್ತು.

ಫೋನು ಮೃದುವಾಗಿ ಅಲುಗಿತು. ಮೆಹಬೂಬಿ ಇರಬೇಕೆಂದು ಆತುರದಿಂದ ನೋಡಿದಳು. ಅಲ್ಲ. ಕಾಂಚನಾ ಕಳಿಸಿದ ಕೆಲಸವನ್ನು ಪರೀಕ್ಷಿಸಿ ಒಪ್ಪುವ ದೂರದೇಶದ ಹೆಂಗಸು ಬರೆದಿದ್ದಳು. ಮುಖ ನೋಡಿದ್ದಿಲ್ಲ, ಹೆಸರಷ್ಟೇ ಗೊತ್ತು. ನೋಡಿದೆ, ಸರಿಯಾಗಿದೆ, ಇವತ್ತೇ ಸೇರಿಸುತ್ತೇನೆ ಎಂದಿತ್ತು. ಆಮೇಲೆ, ತುರ್ತು ಎಂದು ಗುರುತಿಸಿದವರನ್ನೆಲ್ಲ ಕೇಳುವ ಮಾಮೂಲಿ ಪ್ರಶ್ನೆ: ಈ ದೋಷದಿಂದ ಯಾರಿಗಾದರೂ ತೊಂದರೆ ಆಗಿದೆಯೇ?

ಕಾಂಚನಾ ಆ ಸಾಲನ್ನು ನೋಡುತ್ತ ಕುಳಿತಳು. ಹೊರಗೆ ಉತ್ತ ಕರಿ ಹೊಲಗಳು ಮಳೆಗೆ ಬಾಯಿ ಬಿಟ್ಟುಕೊಂಡು ಸರಿಯುತ್ತಿದ್ದವು. ಕೊನೆಗೆ ಬರೆದಳು: ಇನ್ನೂ ಗೊತ್ತಿಲ್ಲ.

*

ಹೊಲಿಗೆ ಕೇಂದ್ರ ಇದ್ದದ್ದು ಬಸ್ ಸ್ಟ್ಯಾಂಡಿನಿಂದ ಒಳಗೆ, ಹಿಟ್ಟಿನ ಗಿರಣಿಯ ಪಕ್ಕದ ಓಣಿಯಲ್ಲಿ. ಉದ್ದದ ಒಂದೇ ಕೋಣೆ. ಮುಂದೆ ಷಟರ್, ಒಳಗೆ ಎರಡೂ ಬದಿಗೆ ಮಷೀನುಗಳು. ತಿರುವಿನಲ್ಲಿ ಕಾಂಚನಾಳ ಕಾಲು ನಿಂತವು. ಷಟರ್ ಮುಚ್ಚಿದ್ದರೆ? ತೆರೆದಿದ್ದು ಒಳಗೆ ಅವನಿದ್ದರೆ? ಆಮೇಲೆ ಮಷೀನುಗಳ ಸದ್ದು ಕೇಳಿತು. ಅದರ ಮೇಲೆ ಮೆಹಬೂಬಿಯ ದನಿ, ಯಾರನ್ನೋ ಬೈಯುತ್ತಿರುವುದು. ಅದಕ್ಕಿಂತ ಸವಿಯಾದ ದನಿಯನ್ನು ಕಾಂಚನಾ ಆ ದಿನ ಕೇಳಿರಲಿಲ್ಲ.

"ತೋಳು ಎಡದ್ದ್ಯಾವುದು ಬಲದ್ದ್ಯಾವುದು ತಿಳಿಯಂಗಿಲ್ಲ ನಿನಗ. ಈ ಅಂಗಿ ಹಾಕ್ಕೊಂಡ ಹುಡುಗ ಸಾಲಿಗೆ ಹಿಂದ ಹಿಂದ ನಡಕೊಂತ ಹೋಗಬೇಕು." ತಿರುಗಿ ನೋಡಿದಳು. "ಅರೆ. ಕಾಂಚನಾ? ಫೋಟೋ ನೋಡಿ ಓಡಿ ಬಂದಿ ಏನ? ಅಷ್ಟ ದೊಡ್ಡ ರೋಗ ಏನ ಅದು?"

"ಫೋನ್ ಯಾಕ ಬಂದ್ ಇಟ್ಟೀರಿ ಆಪಾ?"

"ಕರೆಂಟ್ ಹೋಗಿತ್ತವಾ, ಚಾರ್ಜ್ ಇರಲಿಲ್ಲ. ಈಗ ಹಚ್ಚೀನಿ ನೋಡು, ಅಲ್ಲೈತಿ."

ಒಳಗಿನ ಕತ್ತರಿಸುವ ಮೇಜಿನ ಹತ್ತಿರ ಮಂಜುಳಾ ನಿಂತಿದ್ದಳು, ಕೊರಳಿಗೆ ಅಳತೆಯ ಟೇಪು. ಸೊರಗಿದ್ದಳು. ಆದರೆ ಕೆನ್ನೆಯ ಮೇಲಿನ ಹಳೆಯ ಕಲೆ ಮಾಸಿತ್ತು. ವಾಣಿ ಓಡಲಿಲ್ಲ. ಮಷೀನುಗಳ ನಡುವೆ ನಡೆದು ಹೋಗಿ, ಅವ್ವನ ಕೊರಳಿನ ಟೇಪಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಳು. ಮಂಜುಳಾ ಕತ್ತರಿ ಕೆಳಗಿಟ್ಟು ಬಾಗಿದಳು. ಇಬ್ಬರ ಹಣೆಗಳೂ ಕೂಡಿದವು. ಅಲ್ಲಿದ್ದ ಹುಡುಗಿಯರು ಮಷೀನು ನಿಲ್ಲಿಸಿ ಬೇರೆ ಕಡೆ ನೋಡಿದರು.

"ಕಡೀಕ ಬಾ," ಎಂದಳು ಕಾಂಚನಾ.

ಕೋಣೆಯ ಹಿಂಭಾಗಕ್ಕೆ ಹೋದರು. ಅಲ್ಲಿ ಗೋಡೆಯುದ್ದಕ್ಕೂ ಖಾಕಿ, ನೀಲಿ ಬಟ್ಟೆಯ ಥಾನುಗಳನ್ನು ಸೂರಿನ ತನಕ ಒಟ್ಟಿದ್ದರು. ಉಸಿರು ಕಟ್ಟುವ ಸೆಕೆ. ಮೆಹಬೂಬಿ ಒಂದು ರಟ್ಟಿನಿಂದ ಗಾಳಿ ಹಾಕಿಕೊಂಡಳು. "ಹಿತ್ತಲ ಬಾಗಲಾ ತಗದ್ರ ತಂಗಾಳಿ ಬರ್ತಿತ್ತು. ಸಾಲಿ ಡ್ರೆಸ್ಸಿನ ಆರ್ಡರ್ ಬಂದು ಅದರ ಮುಂದ ಥಾನ್ ಒಟ್ಟಿ ಕುಂತೀವಿ. ಸಾಲಿ ಶುರು ಆಗೂತನಕ ಹಿಂಗ."

ಕಾಂಚನಾ ಹೇಳಿದಳು. ಕುಬಸ ಎಲ್ಲಿಂದ ಬಂತು, ಆ ಬಟನ್ ಏನು ಕೇಳಿತು, ಒತ್ತಿದರೆ ಯಾರಿಗೆ ಏನು ತಿಳಿಯುತ್ತದೆ. ದನಿ ತಗ್ಗಿಸಿ ಹೇಳಿದಳು. ಹೇಳುತ್ತಿದ್ದಂತೆ ಮಂಜುಳಾಳ ಮುಖ ಬಿಳಿಚಿತು.

"ನೋಡಿದ ಕೂಡ್ಲೆ ಅವ್ವನ ಕುಬಸ ನೆನಪಾತು," ಎಂದಳು. "ಯಾರೋ ನೋಡಿ ಕಾಪಿ ಮಾಡ್ಯಾರ ಅನಕೊಂಡೆ. ಖರೆ ಹೇಳ್ತೀನಕ್ಕ, ಖುಷಿನೂ ಆತು. ಆಮ್ಯಾಲ ಈ ಡಬ್ಬಿ ಬಂದು ಮುಚ್ಚಿತು. ಒಂದ ಬಟನ್ ಇತ್ತು. ಒಂದ ಇದ್ರ ಅದನ್ನ ಒತ್ತೂದಲ್ಲೇನು?"

"ಎರಡ ಇರಬೇಕಿತ್ತು, ಮಂಜಿ. ಇನ್ನೊಂದು ಕೆಳಗ ಹೋಗಿತ್ತು. ಅದು ಹಂಗ ಹೋಗೂಹಂಗ ಮಾಡಿದಾಕಿ ನಾನ."

ಮಂಜುಳಾ ಅಕ್ಕನನ್ನು ನೋಡಿದಳು. ಬೈಯಲಿಲ್ಲ. ತುಟಿಯ ಒಂದು ಮೂಲೆಯಲ್ಲಿ ಹಳೆಯ ತುಂಟತನ ಬಂದು ಹೋಯಿತು. "ನನಗಿದು ಹೊಸದೇನಲ್ಲ ಬಿಡು. ಮದವಿ ಹೊತ್ತಿನ್ಯಾಗೂ ನೀವೆಲ್ಲ ಒಂದ ಬಟನ್ ತೋರಿಸಿದ್ರಿ."

ಮೆಹಬೂಬಿ ನಗಲು ಹೋಗಿ ನಗಲಿಲ್ಲ.

ಕಾಂಚನಾ ಲ್ಯಾಪ್‌ಟಾಪಿನ ಮುಂದೆ ಕುಳಿತು ಆ ಪುಟಕ್ಕೆ ಕೊಟ್ಟ ಒಪ್ಪಿಗೆಯನ್ನು ಕಿತ್ತು ಹಾಕಿದಳು. ಸರಿಮಾಡಿದ ಪ್ಯಾಕೇಜನ್ನು ಹಾಕಿ, ಮೆಹಬೂಬಿಯ ಕಣ್ಣಿಗೆ ಹೊಂದುವ ಅದೇ ದಪ್ಪ ಅಕ್ಷರದಲ್ಲಿ ಪೆಟ್ಟಿಗೆಯನ್ನು ಬರಿಸಿ ತೋರಿಸಿದಳು. ಎರಡು ಬಟನ್ನುಗಳೂ ನಿಂತಿದ್ದವು, 'ತಡೆಯಿರಿ' ಮೇಲೆ.

"ಈಗ ಕಾಣ್ತಾವಲ್ಲ ಎರಡೂ?"

"ಕಾಣ್ತಾವ," ಎಂದಳು ಮಂಜುಳಾ. "ನಿನ್ನೆ ಕಾಣಬೇಕಿತ್ತು."

ಆಗ ಚಾರ್ಜಿಗೆ ಹಚ್ಚಿದ್ದ ಮೆಹಬೂಬಿಯ ಫೋನು ಬಡಿದುಕೊಂಡಿತು. ಗುರುತಿಲ್ಲದ ನಂಬರು. ಮೆಹಬೂಬಿ ಎಲ್ಲರ ಮುಖ ನೋಡಿದಳು, ಸ್ಪೀಕರಿಗೆ ಹಾಕಿ ಎತ್ತಿಕೊಂಡಳು.

"ಹಲೋ, ಹೊಲಿಗಿ ಕೇಂದ್ರ ಏನ್ರಿ?" ಗಂಡಸಿನ ದನಿ, ಮೆತ್ತಗೆ, ಮರ್ಯಾದೆಯಿಂದ. "ಕುಬಸದ ಡಿಸೈನ್ ಕಳಿಸಿದ್ದೆ, ನೋಡೀರಿ ಕಾಣ್ತೈತಿ. ಬಸ್ ಸ್ಟ್ಯಾಂಡಿನಿಂದ ನಿಮ್ಮ ಅಂಗಡಿ ಎತ್ತಾಗ ಬರ್ತೈತ್ರಿ?"

ಅದು ವೀರೇಶನೆಂದು ಯಾರೂ ಹೇಳಬೇಕಾಗಿರಲಿಲ್ಲ. ಮಂಜುಳಾ ಆಗಲೇ ನೆಲಕ್ಕೆ ಕುಸಿದಿದ್ದಳು. ವಾಣಿ ಟೇಪನ್ನು ಬಿಟ್ಟು ಅವ್ವನ ಬಾಯಿಯ ಮೇಲೆ ತನ್ನ ಎರಡೂ ಅಂಗೈ ಇಟ್ಟಳು, ಮಾತು ಹೊರಗೆ ಬಾರದಂತೆ. ಅಷ್ಟು ರೂಢಿಯಾದ ಕೈಗಳು. ಎಷ್ಟು ಸಂಜೆ ಹೀಗೆ ಇಟ್ಟಿದ್ದವೋ.

"ಅಂಗಡಿ ಬಂದ್ ಐತ್ರಿ," ಎಂದಳು ಮೆಹಬೂಬಿ, ಒಂದಿಷ್ಟೂ ನಡುಗದೆ. "ನಾವೆಲ್ಲ ಶಿರಹಟ್ಟಿಗೆ ಲಗ್ನಕ್ಕ ಬಂದೀವಿ. ನಾಳಿದ್ದು ಬರ್ರಿ."

ಆ ಕಡೆ ಅವನು ನಕ್ಕ. "ಹೌದ್ರಿ? ಮಷೀನ್ ಸಪ್ಪಳ ಕೇಳಾಕತ್ತೈತಲ್ಲ."

ಬಾಗಿಲ ಬಳಿಯ ಹೊಸ ಹುಡುಗಿ, ಏನೂ ತಿಳಿಯದೆ, ಎಡದ ತೋಳು ಜೋಡಿಸುತ್ತ ಪೆಡಲ್ ತುಳಿಯುತ್ತಲೇ ಇದ್ದಳು.

"ಇರಲಿ," ಎಂದಿತು ದನಿ. "ಊರು ತಿಳದೈತಿ, ಓಣಿ ಕೇಳ್ಕೊಂತ ಬರ್ತೀನಿ." ಕರೆ ಕಡಿಯಿತು.

ಮೆಹಬೂಬಿ ಕೈ ಎತ್ತಿದ ಕೂಡಲೆ ಮಷೀನುಗಳೆಲ್ಲ ನಿಂತವು. ಗಿರಣಿಯ ಬೆಲ್ಟಿನ ಸದ್ದು ಗೋಡೆಯ ಆಚೆಯಿಂದ ಬರುತ್ತಿತ್ತು.

"ಷಟರ್ ಎಳಿಯೂಣು," ಎಂದಳು ಮೆಹಬೂಬಿ.

"ಎಳೆದು ಒಳಗ ಕುಂಡ್ರೂದೇನು? ಅವ ಹೊರಗ ನಿಂತ್ರ?" ಎಂದಳು ಕಾಂಚನಾ. "ಠಾಣೆಗೆ ಹೋಗೂಣು. ಫೋಟೋ ಐತಿ, ನಂಬರ್ ಐತಿ. ನಮ್ಮ ಮನಿಯವರು ಬರೂತನಕ ಅಲ್ಲೇ ಕುಂಡ್ರೂಣು."

"ಠಾಣೆಗೆ ಹೋಗಬೇಕಂದ್ರ ಬಸ್ ಸ್ಟ್ಯಾಂಡ್ ದಾಟೇ ಹೋಗಬೇಕು. ಅವ ಅಲ್ಲೇ ನಿಂತು ಫೋನ್ ಮಾಡಿದ್ರ?"

"ಹಂಗಾದ್ರ ಬೆಳ್ಳಟ್ಟಿಗೆ. ಅಮೃತವ್ವ ಚಿಗವ್ವನ ಮನಿಗೆ. ಯಾವುದಾರ ಗಾಡಿ ಕರೀರಿ."

"ಆಮ್ಯಾಲ?" ಎಂದಳು ಮಂಜುಳಾ ನೆಲದಿಂದಲೇ. ವಾಣಿಯ ಕೈಗಳನ್ನು ಬಾಯಿಂದ ಸರಿಸಿ ತನ್ನ ಎದೆಗೆ ಒತ್ತಿಕೊಂಡಿದ್ದಳು. "ಬೆಳ್ಳಟ್ಟಿ ಆದಮ್ಯಾಲ ಎಲ್ಲಿಗಿ? ನಾ ಇನ್ನೆಷ್ಟ ಊರು ಮುಗಸ್ಲಿ ಅಕ್ಕ? ಇಲ್ಲಿ ಮಷೀನ್ ಐತಿ ನಂದು. ಹೆಸರು ಐತಿ. ಬರಲಿ ಅವ. ಇಷ್ಟ ಮಂದಿ ನಡುವ ಏನ್ ಮಾಡ್ತಾನ?"

"ಏನ್ ಮಾಡ್ತಾನ ನಿನಗ ಗೊತ್ತಿಲ್ಲೇನು?"

"ಗೊತ್ತೈತಿ," ಎಂದಳು ಮಂಜುಳಾ. ಆ ಮಾತಿನಲ್ಲಿ ದಣಿವಿತ್ತು.

ಓಣಿಯ ತುದಿಯಲ್ಲಿ ಒಂದು ಮೋಟರ್ ಸೈಕಲ್ ತಿರುಗಿದ ಸದ್ದು ಕೇಳಿತು. ಗಿರಣಿಗೆ ಬಂದವರೂ ಇರಬಹುದು. ಹಾಲಿನವನೂ ಇರಬಹುದು. ನಾಲ್ವರೂ ಷಟರಿನ ಕಡೆಗೆ, ಆ ಬಿಳಿ ಬಿಸಿಲಿನ ಚೌಕದ ಕಡೆಗೆ ನೋಡಿದರು. ಕೋಣೆಯೊಳಗೆ ಬರುವುದಕ್ಕೂ ಹೋಗುವುದಕ್ಕೂ ಇದ್ದದ್ದು ಅದೊಂದೇ ದಾರಿ.

ವಾಣಿ ಮಾತ್ರ ಬೇಗ ಆ ಕಡೆಯಿಂದ ಮುಖ ತಿರುಗಿಸಿದಳು. ಅವ್ವನ ತೋಳಿನೊಳಗಿಂದ ಹೊರಬಂದು, ಹಿತ್ತಲ ಬಾಗಿಲಿಗೆ ಅಡ್ಡವಾಗಿ ಸೂರಿನ ತನಕ ಏರಿದ್ದ ಖಾಕಿ ನೀಲಿ ಥಾನುಗಳ ಮುಂದೆ ನಿಂತಳು. ಒಂದು ಥಾನಿಗೆ ಅಂಗೈ ಇಟ್ಟು ತಳ್ಳಿ ನೋಡಿದಳು. ಅದು ಅಲುಗಲಿಲ್ಲ. ಆಮೇಲೆ ಕಾಂಚನಾಳ ಕಡೆ ತಿರುಗಿದಳು. ಮುಂಜಾನೆ ಹೊಸ್ತಿಲಲ್ಲಿ ಬಂದು ನಿಂತಿದ್ದದ್ದು, ಬಸ್ಸಿನಲ್ಲಿ ಬಗ್ಗಿ ಮಲಗಿದಾಗ ಎದೆಯಲ್ಲಿ ಬಡಿಯುತ್ತಿದ್ದದ್ದು, ಬೆಟಗೇರಿಯ ಬಾಗಿಲಿನ ಹಿಂದೆ ನಿಂತ ದಿನದಿಂದ ಗಂಟಲಲ್ಲೇ ಉಳಿದದ್ದು ಈಗ ಎಲ್ಲರಿಗೂ ಕೇಳುವಂತೆ ಹೊರಬಂತು.

"ದೊಡ್ಡವ್ವಾ, ಅಪ್ಪ ಮುಂದಿಂದ ಬ‌ಂದ್ರ, ನಾವು ಹೊರಗ ಹೋಗೂ ಬಾಗಲಾ ಎಲ್ಲೈತಿ?"